ಸ್ಪ್ರಿಂಗಣ್ಣನ ನಲವತ್ತೆರಡು ಕಿಲೋಮೀಟರ್

ಅಂಗಡಿಯವರು ಮಾರುವ ಭರದಲ್ಲಿ ಆಡುವ ಮಾತನ್ನು ಅಕ್ಷರಶಃ ನಂಬುವವರು ಈ ಲೋಕದಲ್ಲಿ ತೀರಾ ಕಡಿಮೆ. ಅಂಥವರಲ್ಲಿ ಒಬ್ಬರು ತನ್ನ ಯಜಮಾನರೇ ಆಗಿದ್ದದ್ದು ಸ್ಪ್ರಿಂಗಣ್ಣನ ಗ್ರಹಚಾರ.

ಸ್ಪ್ರಿಂಗಣ್ಣ ಹಾಸಿಗೆ ಅಂಗಡಿಯೊಂದರ ಸೇಲ್ಸ್‌ಮನ್. ಇಪ್ಪತ್ತೆರಡು ವರ್ಷಗಳಿಂದ ಅವನು ಮಾಡಿಕೊಂಡು ಬಂದ ಕೆಲಸ ಇಷ್ಟೇ: ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗುವುದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವುದು, ಆಮೇಲೆ ಕೈ ಊರದೆ ಚಂಗನೆ ಎದ್ದು ನಿಂತು ಗಿರಾಕಿಯ ಮುಖ ನೋಡಿ ನಗುವುದು. ದಿನಕ್ಕೆ ಮೂವತ್ತು ಸಲ ಏಳುವ ಆ ವೈಖರಿಗೇ ಬೀದಿಯವರು ಅವನಿಗೆ ಈ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಹೆಂಡತಿಗೆ ಮತ್ತು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆರು ತಿಂಗಳ ಹಿಂದೆ ಒಬ್ಬ ಹೆಂಗಸು ಬಂದು ಹನ್ನೊಂದು ಹಾಸಿಗೆ ಒತ್ತಿ ನೋಡಿ, ಹನ್ನೆರಡನೆಯದರ ಮುಂದೆ ನಿಂತು, ಇದು ನಿಜವಾಗಿಯೂ ಬೆನ್ನಿಗೆ ಒಳ್ಳೆಯದೇ ಎಂದು ಕೇಳಿದಳು. ಸ್ಪ್ರಿಂಗಣ್ಣ ಚಂಗನೆ ಎದ್ದವನೇ, "ಇದರ ಮೇಲೆ ಮಲಗಿ ಎದ್ರೆ ನನಗಂತೂ ಒಂದು ಮ್ಯಾರಥಾನ್ ಓಡಿಬಿಡೋಣ ಅನ್ಸುತ್ತೆ ನೋಡಿ" ಅಂದ. ಆ ಹೆಂಗಸು ಹಾಸಿಗೆ ಕೊಳ್ಳಲಿಲ್ಲ. ಆದರೆ ಮೂಲೆಯ ಮೇಜಿನ ಹಿಂದೆ ಕುಳಿತಿದ್ದ ಯಜಮಾನರು ಆ ಮಾತು ಕೇಳಿಸಿಕೊಂಡರು.

ಯಜಮಾನರಿಗೆ ಎಪ್ಪತ್ತನಾಲ್ಕು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯೇ ಅವರ ಮನೆಮಠ ಎಲ್ಲ. ಕಾಗದದ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡು ಬಂದಿದ್ದ ಸ್ಪ್ರಿಂಗಣ್ಣನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಸೇರಿಸಿಕೊಂಡವರು, ಮಲಗುವುದು ಹೇಗೆ ಎಂದು ತಾವೇ ಮಲಗಿ ತೋರಿಸಿಕೊಟ್ಟವರು. ಅವರು ಒಂದು ವಾರ ಏನನ್ನೂ ಹೇಳದೆ ಇದ್ದು, ಸೋಮವಾರ ಬೆಳಗ್ಗೆ ಅಂಗಡಿಯ ನೆತ್ತಿಯ ಮೇಲೆ ಉದ್ದನೆಯ ಬ್ಯಾನರ್ ಕಟ್ಟಿಸಿದರು. ಅದರಲ್ಲಿ ಸ್ಪ್ರಿಂಗಣ್ಣನ ಹಲ್ಲು ಕಿರಿದ ಫೋಟೋ. ಕೆಳಗೆ, ನಮ್ಮ ಹಾಸಿಗೆಯ ಮೇಲೆ ಮಲಗುವ ಇವರು ಈ ಸಲ ನಗರದ ಮ್ಯಾರಥಾನ್ ಓಡಲಿದ್ದಾರೆ ಎಂಬ ಒಕ್ಕಣೆ. ಹೆಸರನ್ನೂ ಅವರೇ ನೋಂದಾಯಿಸಿ ಆಗಿತ್ತು.

ಸ್ಪ್ರಿಂಗಣ್ಣ ಬ್ಯಾನರ್ ಕೆಳಗೆ ನಿಂತು ಅದನ್ನು ಎರಡು ಸಲ ಓದಿದ. ಎದುರುಗಡೆ ಆಗಷ್ಟೇ ನಾಲ್ಕು ಮಹಡಿಯ ಗಾಜಿನ ಕಟ್ಟಡದಲ್ಲಿ ಇನ್ನೊಂದು ಹಾಸಿಗೆ ಅಂಗಡಿ ಎದ್ದಿತ್ತು. ಇವರ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ನೊಣ ಹೊಡೆಯುವುದೇ ಕೆಲಸವಾಗಿತ್ತು. ಪಾಪ, ಯಜಮಾನರು ವ್ಯಾಪಾರ ಉಳಿಸಿಕೊಳ್ಳಲು ಇದೊಂದು ಉಪಾಯ ಹುಡುಕಿದ್ದಾರೆ, ತಾನು ಒಲ್ಲೆನೆಂದರೆ ಮುದುಕರ ಎದೆ ಒಡೆದುಹೋಗುತ್ತದೆ ಅಂದುಕೊಂಡ. "ಆಗಲಿ ಯಜಮಾನ್ರೆ" ಅಂದ. ಯಜಮಾನರು ಅವನ ಭುಜ ತಟ್ಟಿದರು.

ಅವತ್ತಿನಿಂದ ಓಟ ಶುರುವಾಯಿತು. ಪಕ್ಕದ ಕಟಿಂಗ್ ಶಾಪಿನವನು ತಾನೇ ಕೋಚ್ ಎಂದು ಘೋಷಿಸಿಕೊಂಡ. ಅವನು ಜನ್ಮದಲ್ಲಿ ಬಸ್ಸಿನ ಹಿಂದೆ ಕೂಡ ಓಡಿದವನಲ್ಲ, ಆದರೆ ಸೈಕಲ್ ಇತ್ತು, ಗಂಟಲಿತ್ತು. ದಿನಾ ಬೆಳಗ್ಗೆ ಸೈಕಲ್ ಮೇಲೆ ಕೂತು ಹಿಂದಿನಿಂದ ಕೂಗುತ್ತಾ ಐದು ತಿಂಗಳಲ್ಲಿ ಸ್ಪ್ರಿಂಗಣ್ಣನನ್ನು ಮೂವತ್ತು ಕಿಲೋಮೀಟರ್ ಓಡುವ ಹಾಗೆ ಮಾಡಿಬಿಟ್ಟ. ಸ್ಪ್ರಿಂಗಣ್ಣನಿಗೇ ಆಶ್ಚರ್ಯ. ಹೊಟ್ಟೆ ಕರಗಿತು, ಹೆಂಡತಿ ಎರಡು ಪ್ಯಾಂಟಿನ ಸೊಂಟ ಹಿಡಿದು ಹೊಲಿದಳು.

ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಅನ್ನುವಾಗ, ಓಟಕ್ಕೆ ಹನ್ನೆರಡು ದಿನ ಇದೆಯೆನ್ನುವಾಗ, ಅಂಗಡಿಯಲ್ಲಿ ಒಂದು ದಿಂಬು ಕೆಳಗೆ ಬಿತ್ತು. ಇಪ್ಪತ್ತೆರಡು ವರ್ಷ ಜೋಡಿ ಹಾಸಿಗೆಗಳನ್ನು ಹೊತ್ತು ಮೆಟ್ಟಿಲು ಹತ್ತಿದವನು, ಅರ್ಧ ಕಿಲೋ ತೂಗದ ಆ ದಿಂಬನ್ನು ಎತ್ತಲು ಬಗ್ಗಿದ. ಸೊಂಟದ ಮೇಲೆ ಎಲ್ಲೋ ಕಟಕ್ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಐದು ನಿಮಿಷ ನಿಂತ. ಆಮೇಲೆ ಗೋಡೆ ಹಿಡಿದು ನೆಟ್ಟಗಾದ, ನೆಟ್ಟಗಾದವನು ಮತ್ತೆ ಬಗ್ಗಲಿಲ್ಲ.

ಯಾರಿಗೆ ಹೇಳುವುದು? ಬೆನ್ನು ಹಿಡಿದುಕೊಂಡ ಹಾಸಿಗೆ ಅಂಗಡಿಯವನೆಂದರೆ ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗೆ. ಡಾಕ್ಟರ ಹತ್ತಿರ ಹೋದರೆ ಯಾರಾದರೂ ನೋಡುತ್ತಾರೆ. ಕಟಿಂಗ್ ಶಾಪಿನವನಿಗೆ ಹೇಳಿದರೆ ಪೇಪರಿನಲ್ಲಿ ಹಾಕಿಸಿದಂತೆಯೇ. ಹೀಗಾಗಿ ಹನ್ನೆರಡು ದಿನ ಅವನು ಗಿರಾಕಿಗಳ ಮುಂದೆ ಮಲಗುವಾಗ ಹಲ್ಲು ಕಚ್ಚಿ ಮಲಗಿದ, ಏಳುವಾಗ ಮಗ್ಗುಲಾಗಿ ಉರುಳಿ ಎದ್ದ. ಯಾರಾದರೂ ಕೇಳಿದರೆ ಇದು ಏಳುವ ಹೊಸ ಪದ್ಧತಿ ಎಂದು ವಿವರಿಸಿದ. ನಿಜ ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ.

ಓಟದ ದಿನ ಬೆಳಗ್ಗೆ ಅವಳು ಅವನನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿದಳು. ಅವಳು ಗಾಜಿನ ಸಾಮಾನಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಕಟ್ಟಿದ ಪೆಟ್ಟಿಗೆಯೊಳಗೆ ಒಂದು ಲೋಟವೂ ಒಡೆದದ್ದಿಲ್ಲ. ಗಂಡನ ಬೆನ್ನಿಗೂ ಅವಳು ಅದೇ ವಿದ್ಯೆ ಪ್ರಯೋಗಿಸಿದಳು. ಮೊದಲು ಮುಲಾಮು, ಅದರ ಮೇಲೆ ಹತ್ತಿ, ಅದರ ಮೇಲೆ ಕಾರ್ಖಾನೆಯಿಂದ ತಂದ ದಪ್ಪ ರಟ್ಟಿನ ಹಾಳೆ, ಎಲ್ಲದರ ಸುತ್ತ ಎಂಟು ಸುತ್ತು ಬ್ಯಾಂಡೇಜು, ಕೊನೆಗೆ ಅಗಲವಾದ ಟೇಪು. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಈಗಲೂ ಕಾಲ ಮಿಂಚಿಲ್ಲರೀ. ಆ ಹಿರಿಯರಿಗೆ ಒಂದು ಫೋನ್ ಮಾಡಿ ನಿಜ ಹೇಳಿಬಿಡಿ."

"ಹೇಳಿದ್ರೆ ಬ್ಯಾನರ್ ಇಳಿಸ್ತಾರೆ. ಬ್ಯಾನರ್ ಇಳಿದ್ರೆ ಎದುರುಗಡೆಯವರು ನಗ್ತಾರೆ. ಆಮೇಲೆ ಅವರಿಗೆ ಅಂಗಡಿ ಬಾಗಿಲು ತೆಗೆಯೋಕೂ ಮನಸ್ಸು ಬರಲ್ಲ ಕಣೇ. ಅವರಿಗಿರೋದು ಅದೊಂದೇ."

ಅವಳು ಮಂಡಿಯೂರಿ ಕೂತು ಅವನ ಶೂ ಹಾಕಿಸಿ ಲೇಸು ಕಟ್ಟಿದಳು. ಕಣ್ಣು ಮಂಜಾಗಿದ್ದರಿಂದ ಗಂಟು ಸರಿಯಾಗಿ ಬೀಳಲಿಲ್ಲ. ಅದನ್ನು ಅವಳೂ ನೋಡಲಿಲ್ಲ, ಬಗ್ಗಲಾಗದ ಅವನಂತೂ ನೋಡುವ ಹಾಗೇ ಇರಲಿಲ್ಲ.

ಆರು ಗಂಟೆಗೆ ಓಟ ಶುರುವಾಯಿತು. ಸಾವಿರಾರು ಜನ ಗದ್ದಲವೆಬ್ಬಿಸಿ ಮುಂದೆ ನುಗ್ಗಿದರು, ಸ್ಪ್ರಿಂಗಣ್ಣ ಅವರ ಹಿಂದೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹೊರಟ. ರಟ್ಟು ಬಗ್ಗಲು ಬಿಡುತ್ತಿರಲಿಲ್ಲ, ತಿರುಗಲು ಬಿಡುತ್ತಿರಲಿಲ್ಲ. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಕಣ್ಣನ್ನಷ್ಟೇ ಹೊರಳಿಸಬೇಕಾಗಿತ್ತು. ಆದರೆ ನೋಡುವವರಿಗೆ ಅದೆಲ್ಲ ಎಲ್ಲಿ ಗೊತ್ತು? ಎದೆ ಮುಂದೆ, ತಲೆ ಮೇಲೆ, ಅಂಗಿಯ ಮೇಲೆ ಹಾಸಿಗೆ ಅಂಗಡಿಯ ಹೆಸರು. ರಸ್ತೆ ಬದಿಯ ಜನ ಅವನನ್ನು ತೋರಿಸಿ, ಎಲ್ಲರೂ ಗೂನು ಬೆನ್ನು ಮಾಡಿಕೊಂಡು ಓಡುತ್ತಿದ್ದರೆ ಈ ಮನುಷ್ಯ ಎಷ್ಟು ನೆಟ್ಟಗೆ ಓಡುತ್ತಿದ್ದಾನೆ ನೋಡಿ ಎಂದು ಮಾತಾಡಿಕೊಂಡರು. ಒಬ್ಬರು ತಮ್ಮ ಮಗನಿಗೆ, ಮೇಜಿನ ಮುಂದೆ ಹಾಗೆ ಕೂತುಕೊಳ್ಳಬೇಕು ಎಂದು ಅಲ್ಲೇ ಪಾಠ ಹೇಳಿದರು.

ಕೋಚ್ ಫುಟ್‌ಪಾತಿನ ಮೇಲೆ ಸೈಕಲ್ ತುಳಿಯುತ್ತಾ ಈ ಹೊಗಳಿಕೆಯನ್ನೆಲ್ಲ ಸಂಗ್ರಹಿಸಿ ತಂದು ಒಪ್ಪಿಸುತ್ತಿದ್ದ. ಸ್ಪ್ರಿಂಗಣ್ಣನಿಗೆ ನೋವಿನಲ್ಲೂ ಸ್ವಲ್ಪ ಖುಷಿಯಾಯಿತು. ಹೀಗೇ ನೆಟ್ಟಗೆ ಮುಗಿಸಿಬಿಟ್ಟರೆ ನಾಳೆ ಅಂಗಡಿ ತುಂಬ ಜನ, ಯಜಮಾನರ ಮುಖದಲ್ಲಿ ನಗು. ಹದಿನೇಳು ಕಿಲೋಮೀಟರ್ ತನಕ ಅದನ್ನೇ ನೆನೆದುಕೊಂಡು ಓಡಿದ. ಹದಿನೇಳನೆಯ ಕಿಲೋಮೀಟರಿನಲ್ಲಿ ಲೇಸು ಬಿಚ್ಚಿಕೊಂಡಿತು.

ಕೋಚ್ ಸೈಕಲ್ ನಿಲ್ಲಿಸಿ, ಎರಡು ಸೆಕೆಂಡಿನ ಕೆಲಸ, ಬಗ್ಗಿ ಕಟ್ಟಿಕೊಳ್ಳಿ ಅಣ್ಣ ಎಂದ. ಸ್ಪ್ರಿಂಗಣ್ಣ ಲೇಸನ್ನು ನೋಡಿದ. ಬಗ್ಗಿದರೆ ತಾನು ಇಲ್ಲೇ ಉಳಿಯುತ್ತೇನೆ, ಬಗ್ಗುವುದಿಲ್ಲವೆಂದರೆ ಗುಟ್ಟು ರಟ್ಟಾಗುತ್ತದೆ. ಮಾರಾಟಗಾರನ ಬಾಯಲ್ಲವೇ, ಕಷ್ಟ ಬಂದಾಗ ತಾನಾಗಿಯೇ ತೆರೆದುಕೊಂಡಿತು.

"ಇದು ನನ್ನ ಹೆಂಡತಿ ಕಟ್ಟಿದ ಲೇಸು ಕಣಯ್ಯಾ. ಇವತ್ತು ಅವಳ ಕೈ ಬಿಟ್ಟು ಬೇರೆಯವರ ಕೈ ತಾಗಬಾರದು. ನನ್ನ ಕೈ ಕೂಡ."

ಕೋಚ್ ಗದ್ಗದಿತನಾದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಇಂಥ ಪ್ರೀತಿ ಇರುತ್ತದೆಂದು ತಾನು ಕನಸಿನಲ್ಲೂ ನೆನೆಸಿರಲಿಲ್ಲ ಎಂದ. ಕಣ್ಣೊರೆಸಿಕೊಂಡು ಸ್ಪ್ರಿಂಗಣ್ಣನ ಮನೆಗೆ ಫೋನ್ ಮಾಡಿದ. ಆಮೇಲೆ ಸೈಕಲ್ಲನ್ನು ಮುಂದಕ್ಕೆ ಓಡಿಸಿಕೊಂಡು ಹೋಗಿ, ರಸ್ತೆ ಬದಿಯಲ್ಲಿ ನಿಂತವರಿಗೆಲ್ಲ ಈ ಕತೆಯನ್ನು ಹಂಚಿದ. ಸ್ಪ್ರಿಂಗಣ್ಣ ಒಂದು ಕಾಲಿನ ಶೂ ಎಳೆದುಕೊಂಡು ಎರಡು ಕಿಲೋಮೀಟರ್ ನಡೆಯುವಷ್ಟರಲ್ಲಿ, ಹತ್ತೊಂಬತ್ತರ ಗುರುತಿನ ಕಂಬದ ಬಳಿ ನೂರು ಜನ ಕಾದು ನಿಂತಿದ್ದರು. ಅವರ ನಡುವೆ ಟ್ಯಾಕ್ಸಿಯಿಂದ ಇಳಿದ ಹೆಂಡತಿ, ಮನೆಯ ಚಪ್ಪಲಿಯಲ್ಲೇ.

ಅವಳು ರಸ್ತೆಯ ಮಧ್ಯೆ ಮಂಡಿಯೂರಿದಳು. ಜನ ಚಪ್ಪಾಳೆ ತಟ್ಟಿದರು, ಯಾರೋ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾರ್ಸೆಲ್ಲಿಗೆ ಹಾಕುವ ಹಾಗೆ ಎರಡು ಬಿಗಿ ಗಂಟು ಹಾಕಿ ಅವಳು ಮೇಲೆ ನೋಡದೆಯೇ ಮೆಲ್ಲಗೆ, "ಮನೆಗೆ ಹೋಗೋಣ ನಡೀರಿ" ಅಂದಳು.

"ಯಜಮಾನ್ರು ಬೆಳಗ್ಗೆಯಿಂದ ಕೊನೇ ಗೆರೆ ಹತ್ರ ನಿಂತಿದಾರಂತೆ" ಎಂದ ಸ್ಪ್ರಿಂಗಣ್ಣ, ಅಷ್ಟೇ ಮೆಲ್ಲಗೆ.

ಅವಳು ಎದ್ದು ಅವನ ಅಂಗಿಯ ತುದಿ ಸರಿಮಾಡುವವಳ ಹಾಗೆ ಬೆನ್ನಿನ ರಟ್ಟನ್ನು ಮುಟ್ಟಿ ನೋಡಿದಳು. ಬೆವರಿಗೆ ನೆನೆದು ಮೆತ್ತಗಾಗಿತ್ತು. ಹೋಗಿಬನ್ನಿ, ನಾನು ಕೊನೆಯಲ್ಲಿ ಇರುತ್ತೇನೆ ಎಂದಷ್ಟೇ ಹೇಳಿ ಟ್ಯಾಕ್ಸಿ ಹತ್ತಿದಳು. ಅವಳು ಅಳಲಿಲ್ಲ, ಆದರೆ ಟ್ಯಾಕ್ಸಿಯ ಬಾಗಿಲನ್ನು ಮೂರು ಸಲ ಹಾಕಬೇಕಾಯಿತು.

ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ರಟ್ಟು ಕೈಕೊಟ್ಟಿತು. ನಡುವೆ ಮುರಿದು ಎರಡಾಗಿ, ಒಂದು ತುಂಡು ಬ್ಯಾಂಡೇಜಿನಿಂದ ಜಾರಿ ಅಂಗಿಯ ಕೆಳಗಿನಿಂದ ಹೊರಬಂದು ರಸ್ತೆಗೆ ಬಿತ್ತು. ಕೋಚ್ ಅದನ್ನು ಎತ್ತಿಕೊಂಡ. ಅದರ ಮೇಲೆ ಕೆಂಪು ಬಣ್ಣದ ಗಾಜಿನ ಲೋಟದ ಚಿತ್ರ, ಪಕ್ಕದಲ್ಲಿ ದಪ್ಪಕ್ಷರದಲ್ಲಿ, ಒಡೆಯುವ ವಸ್ತು, ಎಚ್ಚರಿಕೆಯಿಂದ ಇಳಿಸಿ. ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಸ್ಪ್ರಿಂಗಣ್ಣನ ಮುಖ ನೋಡಿದ. ಆ ಮುಖದಲ್ಲಿ ಇನ್ನು ಮಾರುವಂಥ ಮಾತೇನೂ ಉಳಿದಿರಲಿಲ್ಲ.

ಸ್ಪ್ರಿಂಗಣ್ಣ ನಡೆಯುತ್ತಲೇ ಎಲ್ಲ ಹೇಳಿದ. ದಿಂಬು, ಕಟಕ್ ಸದ್ದು, ಬ್ಯಾನರು, ಯಜಮಾನರು. ಕೋಚ್ ಕೇಳಿಸಿಕೊಂಡು ಸುಮ್ಮನೆ ಸೈಕಲ್ ತಳ್ಳಿದ. ಅವನನ್ನು ಹದಿನಾಲ್ಕು ವರ್ಷಗಳಿಂದ ಬಲ್ಲ ಸ್ಪ್ರಿಂಗಣ್ಣನಿಗೆ ಆ ಮೌನ ನೋಡಿ ಹೆದರಿಕೆಯೇ ಆಯಿತು.

"ಅಣ್ಣ, ಸತ್ಯವಾಗ್ಲೂ ನಾನು ಯಾರಿಗೂ ಹೇಳಲ್ಲ" ಎಂದ ಕೋಚ್. ಹೇಳಿದಂತೆಯೇ ಪೂರ್ತಿ ಎರಡು ಕಿಲೋಮೀಟರ್ ನಡೆದುಕೊಂಡ.

ಮೂವತ್ತಾರನೆಯ ಕಿಲೋಮೀಟರಿನಲ್ಲಿ ಔಷಧಿ ಅಂಗಡಿಯವರು ಮುಲಾಮಿನ ಟ್ಯೂಬು ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಕನ್ನಡಕದ ಅಂಗಡಿಯಾಕೆ ಬಿಸಿನೀರಿನ ಚೀಲ ಹಿಡಿದು, ಜೆರಾಕ್ಸ್ ಅಂಗಡಿಯವನು ಊರುಗೋಲು ಹಿಡಿದು ನಿಂತಿದ್ದರು. ಬೀದಿಗೆ ಬೀದಿಯೇ ಬಂದಿತ್ತು. ಒಬ್ಬರು ಹಿಂದೆ ಹಿಂದೆ ನಡೆದರೆ ನೋವು ಇಳಿಯುತ್ತದೆ ಎಂದರು, ಇನ್ನೊಬ್ಬರು ಹಾಗೆ ನಡೆದೇ ತಮ್ಮ ಭಾವ ಚರಂಡಿಗೆ ಬಿದ್ದದ್ದು ಎಂದರು. ಆ ಜಗಳದ ನಡುವೆಯೇ ಮುಲಾಮೂ ಬಿಸಿನೀರೂ ತಮ್ಮ ಕೆಲಸ ಮುಗಿಸಿದವು. ಸ್ಪ್ರಿಂಗಣ್ಣ ಕೈಮುಗಿದು ಬೇಡಿಕೊಂಡದ್ದು ಒಂದೇ, ಯಜಮಾನರಿಗೆ ಮಾತ್ರ ಹೇಳಬೇಡಿ. ಎಲ್ಲರೂ ಆಣೆ ಮಾಡಿದರು. ಹೋಗಿ ಅಂದರೂ ಯಾರೂ ಹೋಗಲಿಲ್ಲ. ಕೊನೆಯ ಆರು ಕಿಲೋಮೀಟರ್ ಅವರೆಲ್ಲ ಅಂಗಡಿಯ ಬಟ್ಟೆಯಲ್ಲೇ, ಬೀಗದ ಕೈ ಸದ್ದು ಮಾಡುತ್ತಾ, ಅವನ ಎರಡೂ ಕಡೆ ಅವನದೇ ನಡಿಗೆಯಲ್ಲಿ ಬಂದರು. ಇವರೆಲ್ಲ ತನ್ನವರು ಎಂದು ಸ್ಪ್ರಿಂಗಣ್ಣನಿಗೆ ಅವತ್ತಿನ ತನಕ ಹೊಳೆದಿರಲಿಲ್ಲ.

ಓಟಕ್ಕೆ ಕೊಟ್ಟ ಏಳು ತಾಸಿನ ಗಡುವು ಮುಗಿಯಲು ನಾಲ್ಕು ನಿಮಿಷ ಇರುವಾಗ ಕೊನೆಯ ಗೆರೆ ಕಂಡಿತು. ಬೇಲಿ ಬಿಚ್ಚುವವರು ಆಗಲೇ ಬೇಲಿ ಬಿಚ್ಚುತ್ತಿದ್ದರು. ಗೆರೆಯ ಆಚೆ ಯಜಮಾನರು ನಿಂತಿದ್ದರು. ಅವರ ಪಕ್ಕದಲ್ಲಿ ಸ್ಪ್ರಿಂಗಣ್ಣನ ಹೆಂಡತಿ. ಅವರಿಬ್ಬರ ಮುಂದೆ, ಅಂಗಡಿಯ ತಳ್ಳುಗಾಡಿಯ ಮೇಲೆ, ಹೊಸ ಬಿಳಿ ಬೆಡ್‌ಶೀಟ್ ಹೊದಿಸಿದ ಒಂದು ಹಾಸಿಗೆ.

ಸ್ಪ್ರಿಂಗಣ್ಣ ಗೆರೆ ದಾಟಿದ. ಯಾರೋ ಕೈಗೆ ಪದಕ ಕೊಟ್ಟರು. ಅವನು ಅದನ್ನು ನೋಡಲೂ ಇಲ್ಲ, ನಾಲ್ಕು ಹೆಜ್ಜೆ ಮುಂದೆ ನಡೆದು, ಜನ ಹಿಡಿದುಕೊಂಡ ಗಾಡಿಯ ಮೇಲೆ ಮಲಗಿದ. ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರಾರು ಸಲ ಮಲಗಿದವನು, ನಿಜವಾಗಿ ಮಲಗಿದ್ದು ಅದೇ ಮೊದಲು. ಬಾಯಿಂದ ಅವನಿಗೇ ಗೊತ್ತಿಲ್ಲದಂತೆ ಒಂದು ನಿಟ್ಟುಸಿರು ಹೊರಬಂತು. ಸುತ್ತ ನಿಂತ ಓಟಗಾರರು ಆಸೆಗಣ್ಣಿನಿಂದ ಹಾಸಿಗೆಯನ್ನೇ ನೋಡಿದರು. ಇದು ಯಾವ ಅಂಗಡಿಯದು ಎಂದು ಇಬ್ಬರು ಕೇಳಿಯೂ ಬಿಟ್ಟರು.

ಯಜಮಾನರು ಅವನ ತಲೆಯ ಬಳಿ ಬಗ್ಗಿದರು.

"ನಲವತ್ತೈದು ವರ್ಷದಿಂದ ಜನ ಮಲಗೋದನ್ನೇ ನೋಡಿಕೊಂಡು ಬಂದವನು ನಾನು. ಯಾರಿಗೆ ಎಲ್ಲಿ ನೋವು ಅಂತ ಅವರು ಮಲಗೋದರಲ್ಲೇ ಹೇಳ್ತೀನಿ. ಹನ್ನೆರಡು ದಿನದಿಂದ ನೀನು ಉರುಳಿ ಉರುಳಿ ಏಳ್ತಿದ್ದೆ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಸ್ಪ್ರಿಂಗಣ್ಣ, ಗೊತ್ತಿದ್ದೂ ಯಾಕೆ ಬೇಡವೆನ್ನಲಿಲ್ಲ ಎಂದು ಕಷ್ಟಪಟ್ಟು ಕೇಳಿದ.

"ಹೇಗಪ್ಪಾ ಹೇಳ್ಲಿ? ಇಪ್ಪತ್ತೆರಡು ವರ್ಷದಲ್ಲಿ ನಿನಗೆ ಅಂತ ನೀನು ಏನನ್ನೂ ಬಯಸಿದವನಲ್ಲ. ಅವತ್ತು ಆ ಯಮ್ಮನ ಹತ್ರ, ಮ್ಯಾರಥಾನ್ ಓಡಬೇಕು ಅನ್ಸುತ್ತೆ ಅಂದೆ. ಆ ಆಸೆ ತೀರಿಸೋಣ ಅಂತಲೇ ಹೆಸರು ಕೊಟ್ಟೆ. ಹಿಂದೆಗೆದೀಯಾ ಅಂತ ಬ್ಯಾನರೂ ಕಟ್ಟಿಸ್ದೆ. ಬೆನ್ನು ಹಿಡ್ಕೊಂಡ ಮೇಲೂ ಬಿಡಲಿಲ್ಲವಲ್ಲ ನೀನು. ಎಷ್ಟು ಆಸೆ ಇರಬೇಕು ಪಾಪ ಅಂತ ನಾನೂ ಬಾಯಿ ಮುಚ್ಕೊಂಡು, ಹಾಸಿಗೆ ತಂದೆ."

ಸ್ಪ್ರಿಂಗಣ್ಣ ಆಕಾಶ ನೋಡಿದ. ಅದು ಗಿರಾಕಿಗೆ ಹೇಳಿದ ಬರೀ ಬಾಯಿಮಾತು, ಓಡಿದ್ದು ನಿಮಗೋಸ್ಕರ ಎನ್ನುವ ಮಾತು ತುಟಿಯ ತನಕ ಬಂತು. ಹೆಂಡತಿಯ ಕಡೆ ನೋಡಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಹೇಳಬೇಡಿ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಮುದುಕರ ಕಣ್ಣಿನಿಂದ ಒಂದು ಹನಿ ಅವನ ಹಣೆಯ ಮೇಲೆ ಬಿತ್ತು.

"ಹೌದು ಯಜಮಾನ್ರೆ" ಎಂದ. "ತುಂಬಾ ದಿನದ ಆಸೆ."

ಯಜಮಾನರ ಮುಖ ಅರಳಿತು. ಹಾಗಿದ್ದರೆ ಮುಂದಿನ ವರ್ಷಕ್ಕೂ ಈಗಲೇ ಹೆಸರು ಕೊಟ್ಟುಬಿಡುತ್ತೇನೆ ಎಂದು ಅವರು ಕಣ್ಣೊರೆಸಿಕೊಂಡರು. ಸ್ಪ್ರಿಂಗಣ್ಣ ನಗಲು ಪ್ರಯತ್ನಿಸಿದ, ಬೆನ್ನು ಬಿಡಲಿಲ್ಲ.

ಅಷ್ಟರಲ್ಲಿ ಓಟದ ಡಾಕ್ಟರಮ್ಮ ಬಂದರು. ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಕಾಲೆತ್ತಿಸಿ ನೋಡಿದರು. ಬುದ್ಧಿಯಿರುವವರು ಈ ಬೆನ್ನಿನಲ್ಲಿ ಮನೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಬೈದರು. ಕೊನೆಗೆ ತೀರ್ಪು ಕೊಟ್ಟರು. ಮೂರು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ, ಮೆಟ್ಟಿಲು ಹತ್ತಿಸುವಂತಿಲ್ಲ, ಈಗ ಮಲಗಿರುವ ಹಾಸಿಗೆ ಚೆನ್ನಾಗಿದೆ, ಇದರಿಂದ ಅಲುಗಾಡಿಸಲೂಬೇಡಿ.

ಮೂರು ವಾರ! ಆ ನೋವಿನಲ್ಲೂ ಸ್ಪ್ರಿಂಗಣ್ಣನ ಎದೆ ಹಕ್ಕಿಯಂತೆ ಹಗುರಾಯಿತು. ಜ್ವರ ಬಂದಾಗಲೂ ರಜೆ ಹಾಕಿದವನಲ್ಲ ಅವನು. ಮೂರು ವಾರ ಗಿರಾಕಿಯಿಲ್ಲ, ಹೊರಳುವುದಿಲ್ಲ, ನಗುವುದಿಲ್ಲ. ಕಿಟಕಿ ಮುಚ್ಚಿಕೊಂಡು ಹೆಂಡತಿಯ ಜೊತೆ ಸುಮ್ಮನೆ ಇರುವುದು.

"ಮೆಟ್ಟಿಲು ಹತ್ತಿಸಬಾರದು ಅಂದ್ರೆ ಇವರ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ" ಎಂದ ಕೋಚ್, ಯಾರೂ ಕೇಳದಿದ್ದರೂ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಯಜಮಾನರು ಮಾತ್ರ ಕೈಯೆತ್ತಿ ಅಭಯ ಕೊಟ್ಟರು.

"ಅದಕ್ಯಾಕೆ ಚಿಂತೆ? ನಮ್ಮ ಅಂಗಡೀಲಿ ಹಾಸಿಗೆಗೇನು ಕೊರತೆ?"

ಬೀದಿಯವರೆಲ್ಲ ಸೇರಿ ಗಾಡಿಯನ್ನು ಅಲುಗಾಡದಂತೆ ತಳ್ಳಿಕೊಂಡು ಬಂದು, ಹಾಸಿಗೆಯ ಸಮೇತ ಸ್ಪ್ರಿಂಗಣ್ಣನನ್ನು ಅಂಗಡಿಯೊಳಗೆ ಇಳಿಸಿದರು. ಒಳಗೆಲ್ಲ ಸರಕು ತುಂಬಿದ್ದರಿಂದ ಜಾಗ ಇದ್ದದ್ದು ಒಂದೇ ಕಡೆ, ಬೀದಿಗೆ ಕಾಣುವ ಗಾಜಿನ ಕಿಟಕಿಯ ಹಿಂದೆ. ಹೆಂಡತಿ ಪರದೆಗೆಂದು ಒಂದು ಬೆಡ್‌ಶೀಟ್ ಕಟ್ಟಿದಳು. ಯಜಮಾನರು ಗಾಳಿ ಬೆಳಕು ಬೇಕಲ್ಲಮ್ಮ ಎಂದು ಅದನ್ನು ಪ್ರೀತಿಯಿಂದಲೇ ಬಿಚ್ಚಿದರು. ಊಟ ತಾವೇ ತರಿಸಿದರು, ಪಕ್ಕದಲ್ಲಿ ತಮ್ಮ ಕುರ್ಚಿ ಹಾಕಿಸಿಕೊಂಡರು, ಸೊಳ್ಳೆ ಬಂದರೆ ಬೀಸಣಿಗೆಯಿಂದ ಓಡಿಸಿದರು. ಸ್ವಂತ ಮಗನನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ ಎಂದು ಹೆಂಡತಿಯೂ ಒಪ್ಪಬೇಕಾಯಿತು. ಅವಳು ಕಾರ್ಖಾನೆಯಿಂದ ನೇರ ಅಂಗಡಿಗೇ ಬರತೊಡಗಿದಳು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆಲ್ಲ ಅಂಗಡಿಯ ಮುಂದೆ ಜನ. ಮುರಿದ ಬೆನ್ನಿನಲ್ಲಿ ನಲವತ್ತೆರಡು ಕಿಲೋಮೀಟರ್ ಓಡಿದವನು ಯಾವ ಹಾಸಿಗೆಯ ಮೇಲೆ ಮಲಗಿದ್ದಾನೆ ಎಂದು ನೋಡಲು ಎದುರು ಅಂಗಡಿಯ ಗಿರಾಕಿಗಳೂ ರಸ್ತೆ ದಾಟಿ ಬಂದಿದ್ದರು. ಕಾಲ ಬುಡದಲ್ಲಿ ಬೆಲೆಯ ಚೀಟಿ ತೆಗೆಯುವುದನ್ನು ಯಾರೋ ಮರೆತಿದ್ದರು, ಒಬ್ಬಾತ ಅದು ಮನುಷ್ಯನನ್ನು ಸೇರಿಸಿಯೋ ಎಂದು ವಿಚಾರಿಸಿದ. ಸ್ಪ್ರಿಂಗಣ್ಣನಿಗೆ ಇದಾವುದೂ ತಿಳಿಯಲಿಲ್ಲ. ಹನ್ನೆರಡು ದಿನಗಳ ನಿದ್ದೆ ಒಟ್ಟಿಗೆ ಬಂದು, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

ಇಷ್ಟು ಗಾಢವಾಗಿ ಮಲಗಿದ್ದಾರಲ್ಲ, ಎಬ್ಬಿಸಿ ಎರಡು ಮಾತು ಕೇಳಬಹುದೇ ಎಂದು ಒಬ್ಬ ಮಹನೀಯರು ಗಾಜು ತಟ್ಟಲು ಹೋದರು. ಯಜಮಾನರು ಕುರ್ಚಿಯಿಂದ ಎದ್ದು ಬಂದು, ತುಟಿಯ ಮೇಲೆ ಬೆರಳಿಟ್ಟು, ಅವನ ಹೊದಿಕೆ ಸರಿಮಾಡಿ, ಅಭಿಮಾನದಿಂದ ಪಿಸುಗುಟ್ಟಿದರು.

"ದಯವಿಟ್ಟು ಎಬ್ಬಿಸಬೇಡಿ. ಡ್ಯೂಟೀಲಿದ್ದಾನೆ."